ತಿಳಿನೀಲಿ ಸ್ಕೂಟರ್ ನಿಲ್ಲುತ್ತಿದ್ದ ಜಾಗ

ಅವರು ಎಲ್ಲಿಗೆ ಹೋದರೂ ಮೊದಲು ನೆಲ ನೋಡುತ್ತಿದ್ದರು. ಮದುವೆ ಮನೆಯಾಗಲಿ, ಆಸ್ಪತ್ರೆಯಾಗಲಿ, ಬಾಗಿಲಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣಾಡಿಸಿ, ಯಾವ ಗಾಡಿ ಯಾವುದರ ದಾರಿ ಕಟ್ಟಿದೆ ಎಂದು ನೋಡಿಕೊಂಡು, ಆಮೇಲೆ ಜನರ ಮುಖದ ಕಡೆ ತಿರುಗುತ್ತಿದ್ದರು. ಗೊತ್ತಿಲ್ಲದವರು ಇವರೇನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ವಿದ್ಯಾನಗರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಸಹೋದ್ಯೋಗಿಯ ಮಗಳ ಮದುವೆ. ಅಕ್ಕಿಕಾಳು ಹಾಕಲು ಎಲ್ಲರೂ ಎದ್ದು ನಿಂತಾಗ ಇವರೊಬ್ಬರು ಮೈಕಿನವನ ಹತ್ತಿರ ನಿಂತು, ಅಡುಗೆಯವರ ಟೆಂಪೋಕ್ಕೆ ಅಡ್ಡ ನಿಂತ ಬಿಳಿ ಕಾರಿನ ಮಾಲೀಕರು ಕೂಡಲೇ ಹೊರಗೆ ಬರಬೇಕು ಎಂದು ಕೂಗಿಸಿದರು. ಆ ಮಾಲೀಕರು ವರನ ಸೋದರಮಾವ. ಅವರಿಲ್ಲದೆ ಮುಹೂರ್ತ ಸ್ವಲ್ಪ ತಡೆದು ನಿಂತಿತು.

ನಗರ ಯೋಜನೆಯ ಕಚೇರಿಯೊಂದರಲ್ಲಿ ಅವರು ಹಿರಿಯ ಅಧಿಕಾರಿ. ನಾನು ಗುತ್ತಿಗೆಯ ಮೇಲೆ ಸೇರಿದ ಸಹಾಯಕಿ, ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬರುವವಳು. ಅವರ ನೌಕರಿಯ ಕೊನೆಯ ವರ್ಷಗಳೆಲ್ಲ ಹೋದದ್ದು ಒಂದೇ ಕೆಲಸಕ್ಕೆ. ಹುಬ್ಬಳ್ಳಿಯ ಹಳೆಯ ಬಜಾರಿಗೆ ಒಂದು ಪಾರ್ಕಿಂಗ್ ನೀತಿ ಮಾಡಬೇಕಿತ್ತು. ಯಾರ ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಅಷ್ಟೇ. ಕೇಳಿದರೆ ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಕರಡು ಒಂದು ಹದಕ್ಕೆ ಬರುವಷ್ಟರಲ್ಲಿ ಮೇಲಿನ ಸಾಹೇಬರ ವರ್ಗಾವಣೆ ಆಗುತ್ತಿತ್ತು. ಹೊಸ ಸಾಹೇಬರು ಬಂದು, ಇದನ್ನು ಮೊದಲಿನಿಂದ ನೋಡೋಣ ಅನ್ನುತ್ತಿದ್ದರು. ಒಬ್ಬರಿಗೆ ಬಹುಮಹಡಿ ಕಟ್ಟಡ ಬೇಕು, ಇನ್ನೊಬ್ಬರಿಗೆ ತಾವು ವಿದೇಶದಲ್ಲಿ ನೋಡಿ ಬಂದ ಯಂತ್ರ ಬೇಕು, ಮತ್ತೊಬ್ಬರಿಗೆ ಪಾರ್ಕಿಂಗ್ ಎಂಬ ಮಾತೇ ಬೇಡ, ಮೊದಲು ಗಟಾರು ಆಗಲಿ. ಪ್ರತಿ ಸಲವೂ ಹೊಸದಾಗಿ ಟೈಪು ಮಾಡುವವಳು ನಾನು.

ಸಾಹೇಬರ ಚೇಂಬರಿನಿಂದ ಹೊರಗೆ ಬಂದಾಗಲೆಲ್ಲ ಅವರದು ಒಂದೇ ಮಾತು.

"ಮೊದಲ ಚಾ ಕುಡಿಯೋಣು. ಬ್ಯಾಸರ ಆಮ್ಯಾಲ ಮಾಡ್ಕೊಳ್ಳೋಣು."

ಚಹಾ ಕುಡಿದಾದ ಮೇಲೆ ಬೇಸರ ಮಾಡಿಕೊಳ್ಳುವುದನ್ನು ಅವರು ಮರೆತುಬಿಡುತ್ತಿದ್ದರು. ನಾನು ಮರೆಯುತ್ತಿರಲಿಲ್ಲ. ನನ್ನ ಸ್ವಭಾವವೇ ಹಾಗೆ, ಸಿಟ್ಟನ್ನು ಬಸ್ಸಿನಲ್ಲಿ ಧಾರವಾಡದ ತನಕ ಹೊತ್ತುಕೊಂಡು ಹೋಗಿ ಮನೆಯವರ ಮೇಲೆ ತೀರಿಸಿಕೊಳ್ಳುವವಳು.

ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು ಇರುತ್ತಿತ್ತು. ನಮ್ಮ ಕಡೆ ಅದಕ್ಕೆ ಖಡು ಅನ್ನುತ್ತೇವೆ. ಮಾತಾಡುತ್ತ ಮಾತಾಡುತ್ತ ಮೇಜಿನ ಮೇಲೆ, ಚಹಾದಂಗಡಿಯ ಕಟ್ಟೆಯ ಮೇಲೆ, ಒಮ್ಮೆ ಸಾಹೇಬರ ಚೇಂಬರಿನ ಗ್ರಾನೈಟ್ ನೆಲದ ಮೇಲೆಯೇ ಗೆರೆ ಎಳೆದುಬಿಟ್ಟರು. ಇಲ್ಲಿ ಕಾರು, ಇಲ್ಲಿ ಬೈಕು, ಇಲ್ಲಿ ಮಂದಿ ನಡೆಯುವ ದಾರಿ. ಸಾಹೇಬರು ಮುಖ ಸಿಂಡರಿಸಿ ಕಚೇರಿಯ ಸಿಪಾಯಿಯನ್ನು ಕರೆದು ಒರೆಸಲು ಹೇಳಿದರು. ಇವರು ಸಿಪಾಯಿಯ ಕೈಯಿಂದ ಅರಿವೆ ಇಸಿದುಕೊಂಡು ತಾವೇ ಒರೆಸಿ, ಒರೆಸುತ್ತಲೇ ಉಳಿದ ಮಾತು ಮುಗಿಸಿದರು. ಕಿಸೆಯ ಹತ್ತಿರ ಬೆಳ್ಳಗಾಗದ ಅಂಗಿ ಅವರ ಹತ್ತಿರ ಒಂದೂ ಇರಲಿಲ್ಲ.

ಮೊದಮೊದಲು ನನಗೆ ಮೇಡಂ, ಬರ್ರಿ, ಕುಂದರ್ರಿ ಅನ್ನುತ್ತಿದ್ದರು. ಒಂದು ದಿನ ಬಜಾರಿನ ಬಿಸಿಲಿನಲ್ಲಿ ಸುತ್ತಿ ಸುತ್ತಿ ನನಗೆ ತಲೆ ತಿರುಗಿತು. ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ಸೋಡಾ ತರಿಸಿಕೊಟ್ಟರು. ಅವತ್ತಿನಿಂದ ನಾನು ತಂಗಿ ಆದೆ. ಮಗಳ ವಯಸ್ಸಿನವಳನ್ನು ತಂಗಿ ಅನ್ನುವುದು ನಮ್ಮ ಕಡೆಯ ರೂಢಿ.

ನಾನು ಹೇಳಬೇಕಾದ ಬೀದಿ ಆ ಬಜಾರಿನ ಒಳಗಿನ ಜವಳಿ ಬೀದಿ. ಎರಡೂ ಕಡೆ ಬಟ್ಟೆ ಅಂಗಡಿಗಳು, ಮುಂದೆ ಇಕ್ಕಟ್ಟು, ಒಳಗೆ ಉದ್ದ. ಬೆಳಿಗ್ಗೆಯಿಂದ ಸಂಜೆಯ ತನಕ ಅವರು ನನ್ನನ್ನು ಅಲ್ಲಿ ನಿಲ್ಲಿಸಿ, ಯಾವ ಗಾಡಿ ಯಾವಾಗ ಬಂತು, ಯಾವಾಗ ಹೋಯಿತು ಎಂದು ನೋಡಲು ಹೇಳಿದ್ದರು. ನೋಡಲು ಏನೂ ಇರಲಿಲ್ಲ. ಬೆಳಿಗ್ಗೆ ಬಂದ ಗಾಡಿಗಳು ಸಂಜೆಯ ತನಕ ಅಲ್ಲಾಡಲೇ ಇಲ್ಲ. ಗಿರಾಕಿಗಳು ಬಂದವರು ಬೀದಿಯಲ್ಲಿ ಸುತ್ತು ಹೊಡೆದು, ನಡುರಸ್ತೆಯಲ್ಲಿ ನಿಲ್ಲಿಸಿ, ಬೈಸಿಕೊಂಡು ಹೋದರು.

"ನೋಡಿದ್ಯಾ ತಂಗಿ," ಅಂದರು ಅವರು. "ಗಿರಾಕಿ ಗಾಡಿ ಒಂದೂ ಇಲ್ಲ. ಎಲ್ಲಾ ಮಾಲಕರವ. ಗಿರಾಕಿ ಬರವಲ್ಲರು ಅಂತ ಅಳಾವರೂ ಇವರ."

ಅಲ್ಲಿಂದ ಅವರ ನೀತಿಯ ಮುಖ್ಯ ಮಾತು ಹುಟ್ಟಿತು. ಅಂಗಡಿಯವರ ಗಾಡಿಗಳು ಬೀದಿಯ ಹಿಂದಿನ ಹಳೇ ಹತ್ತಿ ಗೋದಾಮಿನ ಬಯಲಿನಲ್ಲಿ ನಿಲ್ಲಬೇಕು. ಬೀದಿಯ ಜಾಗ ಗಿರಾಕಿಗೆ, ಅದೂ ಅರ್ಧ ತಾಸು ಮಾತ್ರ. ಆ ಮೇಲೆ ಇನ್ನೊಬ್ಬರಿಗೆ ಬಿಡಬೇಕು. ಬಯಲಿನಿಂದ ಬೀದಿಗೆ ನಡೆದರೆ ಒಂದು ಎಲೆ ಅಡಿಕೆ ಜಗಿದು ಮುಗಿಯುವುದಿಲ್ಲ, ಅಷ್ಟು ಹತ್ತಿರ.

ಆ ಬೀದಿಯ ನಡುವಿನ ಅಂಗಡಿ ಅವರ ಅಣ್ಣನದು. ಅವರಪ್ಪನ ಕಾಲದ ಅಂಗಡಿ. ಮದುವೆ ಜವಳಿಗೆ ಹೆಸರಾದದ್ದು. ಅಣ್ಣ ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆಸಿ, ನೀರು ಚಿಮುಕಿಸಿ, ಹೊಸ್ತಿಲಿಗೆ ವಿಭೂತಿ ಹಚ್ಚಿದ ಕೈಯಿಂದಲೇ ಮುಂದೆ ನಿಂತ ತಮ್ಮ ತಿಳಿನೀಲಿ ಸ್ಕೂಟರಿನ ಹಣೆಗೂ ಹಚ್ಚಿ ಒಳಗೆ ಹೋಗಿ ಗಾದಿಯ ಮೇಲೆ ಕೂಡುತ್ತಿದ್ದರು. ಆ ಸ್ಕೂಟರ್ ಸಂಜೆಯವರೆಗೆ ಅಲ್ಲೇ. ಬೀದಿಯ ಎಲ್ಲ ಅಂಗಡಿಗಳ ಮುಂದೆಯೂ ಹೀಗೇ ಒಂದೊಂದು ಮಾಲೀಕರ ಗಾಡಿ.

ನೀತಿಯನ್ನು ಜಾರಿಗೆ ತರುವ ಮುಂಚೆ ಒಂದು ವಾರ ಮಾಡಿ ನೋಡೋಣ ಎಂದು ಒಬ್ಬ ಸಾಹೇಬರು ಹೇಗೋ ಒಪ್ಪಿದರು. ಆದರೆ ಬೀದಿಯವರು ಒಪ್ಪಬೇಕಲ್ಲ. ಇವರು ಅಣ್ಣನ ಅಂಗಡಿಗೆ ಹೋಗಿ ಗಾದಿಯ ಅಂಚಿನಲ್ಲಿ ಕೂತು ಇಡೀ ಕರಡನ್ನು ಕನ್ನಡದಲ್ಲಿ ಓದಿ ತೋರಿಸಿದರು. ನಾನೂ ಅಲ್ಲಿದ್ದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಅನ್ನುವಷ್ಟರಲ್ಲಿ, ಓದು ಮುಗಿದೊಡನೆ ಕಣ್ಣು ತೆರೆದು, ನಾಳೆ ಸಂಘದ ಮೀಟಿಂಗಿನಲ್ಲಿ ತಾವೇ ಮೊದಲು ಹೂಂ ಅನ್ನುವುದಾಗಿ ಹೇಳಿದರು. ಬೀದಿಯಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ಹೂಂ ಅಂದ ಮೇಲೆ ಉಳಿದವರು ಗೊಣಗುತ್ತ ಒಪ್ಪಿದರು. ಅವತ್ತು ಚಹಾದಂಗಡಿಯಲ್ಲಿ ಇವರು ನನಗೆ ಚಹಾದ ಜೊತೆ ಮಿರ್ಚಿ ಭಜಿಯನ್ನೂ ಕೊಡಿಸಿದರು. ಅಣ್ಣ ಅಪ್ಪನ ಜಾಗದಲ್ಲಿ ನಿಂತು ಓದಿಸಿದ್ದು, ಆ ಋಣಕ್ಕೆ ಇದುವರೆಗೂ ಏನೂ ಮಾಡಲಾಗಿರಲಿಲ್ಲ, ಬೀದಿ ಒಂದು ಸುಧಾರಿಸಿದರೆ ಅಂಗಡಿಗೆ ಮೊದಲಿನ ಕಳೆ ಬರುತ್ತದೆ ಎಂದು ಏನೇನೋ ಹೇಳಿದರು.

ವಾರ ಮದುವೆ ಸುಗ್ಗಿಯದು. ಜನ ಕಿಕ್ಕಿರಿದಾಗ ನೋಡಿದರೇ ಖರೇ ಗೊತ್ತಾಗುವುದು ಎಂದು ಅವರೇ ಹಟ ಹಿಡಿದು ಆ ವಾರ ಆರಿಸಿದ್ದರು. ಬೆಳಿಗ್ಗೆ ಬೇಗ ಬಂದು, ನೆಲಕ್ಕೆ ಮೊಣಕಾಲೂರಿ, ಖಡುವಿನಿಂದ ತಾವೇ ಚೌಕ ಎಳೆದರು. ಬೀದಿ ನಿಜಕ್ಕೂ ಅಗಲವಾಗಿತ್ತು. ನಾನು ಅಷ್ಟು ವರ್ಷಗಳಲ್ಲಿ ಆ ಅಂಗಡಿಗಳ ಮೆಟ್ಟಿಲುಗಳನ್ನು ನೋಡಿದ್ದೇ ಆಗ. ಅವರ ಹೆಂಡತಿ ಮೊಣಕಾಲು ನೋವಿನಿಂದ ಬೀದಿಯ ತುದಿಯಿಂದ ನಡೆಯಲಾಗದೆ ಭಾವನ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದರು. ಅವತ್ತು ರಿಕ್ಷಾದಲ್ಲಿ ಬಾಗಿಲ ತನಕ ಬಂದು ಇಳಿದರು. ಇವರು ದೂರ ನಿಂತು ನೋಡುತ್ತ ನಗುತ್ತಿದ್ದರು. ಅವರು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಎಡವಟ್ಟಾದದ್ದು ಎರಡು ದಿನದ ಮೇಲೆ. ಮುಗದ ಊರಿನಿಂದ ಒಂದು ಕುಟುಂಬ ಟಂಟಂ ಗಾಡಿಯಲ್ಲಿ ಬಂದಿತ್ತು. ತಲೆಮಾರುಗಳಿಂದ ಆ ಅಣ್ಣನ ಅಂಗಡಿಯಲ್ಲೇ ಮದುವೆ ಜವಳಿ ತೆಗೆಯುವವರು. ಹೆಂಗಸರು, ಮಕ್ಕಳು, ಬೀಗರ ಕಡೆಯವರು ಎಲ್ಲ ಸೇರಿ ದೊಡ್ಡ ಗುಂಪು. ಅವರು ಬೀದಿಯ ಬಾಯಿಗೆ ಬಂದು ನಿಂತು ನೋಡಿದರು. ತಿಳಿನೀಲಿ ಸ್ಕೂಟರ್ ಇಲ್ಲ. ಅಂಗಡಿಯ ಮಾಲೀಕರು ಒಳಗೆ ಆಳದಲ್ಲಿ ಗಾದಿಯ ಮೇಲೆ ಇರುತ್ತಾರಾದ್ದರಿಂದ ರಸ್ತೆಯಿಂದ ಕಾಣುವುದಿಲ್ಲ. ಹಳ್ಳಿಯವರು ಸಾವಕಾರರು ಇದ್ದಾರೋ ಇಲ್ಲವೋ ಎಂದು ತಿಳಿಯುವುದು ಮುಂದಿನ ಗಾಡಿ ನೋಡಿ. ಆಳುಗಳ ಜೊತೆ ಅವರು ವ್ಯವಹಾರ ಮಾಡುವುದಿಲ್ಲ. ಇಷ್ಟೇ ಆಗಿದ್ದರೆ ಯಾರನ್ನಾದರೂ ಕೇಳುತ್ತಿದ್ದರೇನೋ. ಆದರೆ ಎಡಕ್ಕೂ ಬಲಕ್ಕೂ ಯಾವ ಅಂಗಡಿಯ ಮುಂದೆಯೂ ಮಾಲೀಕರ ಗಾಡಿ ಇರಲಿಲ್ಲ. ಬೀದಿಯ ಎಲ್ಲ ಸಾವಕಾರರೂ ಒಟ್ಟಿಗೆ ಅಂಗಡಿ ಬಿಟ್ಟು ಎದ್ದು ಹೋಗುವುದು ಒಂದೇ ಕಾರಣಕ್ಕೆ, ಅವರಲ್ಲೊಬ್ಬರ ಮನೆಯಲ್ಲಿ ಸಾವಾದಾಗ. ಗುಂಪಿನ ಹಿರಿಯರು, ಬಜಾರಿನಲ್ಲಿ ಯಾರೋ ದೊಡ್ಡವರು ಹೋಗಿದ್ದಾರೆ, ಇಂಥ ದಿನ ಮದುವೆ ಅರಿವೆ ತೆಗೆಯುವುದು ಬೇಡ ಎಂದು ಟಂಟಂ ತಿರುಗಿಸಿದರು. ಮದುವೆ ಹತ್ತಿರ ಬಂದಿತ್ತು. ಸಂಜೆಯೊಳಗೆ ಬೇರೆ ಕಡೆ ಜವಳಿ ತೆಗೆದು ಊರಿಗೆ ಹೋದರು.

ಸುಳ್ಳ ಗ್ರಾಮದವರು, ಇನ್ನೂ ಎಲ್ಲಿಯವರೋ, ಹಾಗೆ ತಿರುಗಿ ಹೋದವರು ಬಹಳ ಎಂದು ಆಮೇಲೆ ಗೊತ್ತಾಯಿತು. ಬೀದಿ ಸುಂದರವಾಗಿತ್ತು, ಗಿರಾಕಿ ಇರಲಿಲ್ಲ. ನಮ್ಮ ಕಚೇರಿಯಲ್ಲಿ ಬೇರೆ ಯಾರಿಗೂ ಇದು ಹೊಳೆಯದಿರುವುದು ಸಹಜ. ಆದರೆ ಇವರು ಅದೇ ಅಂಗಡಿಯ ಗಾದಿಯ ಮೇಲೆ ಉರುಳಾಡಿ ಬೆಳೆದವರು. ಅವರಪ್ಪನ ಸೈಕಲ್ಲು ಬಾಗಿಲ ಮುಂದೆ ಇದ್ದರೆ ಅಪ್ಪ ಇದ್ದಾರೆ ಎಂದು ಸಾಲಿಯಿಂದ ಓಡಿ ಬರುತ್ತಿದ್ದವರು. ಕರಡು ಬರೆಯುತ್ತ ಬರೆಯುತ್ತ ಅವರಿಗೆ ಅದೇ ಮರೆತುಹೋಗಿತ್ತು.

ವಾರದ ಕೊನೆಗೆ ಈ ಸುದ್ದಿ ಕಿವಿಗೆ ಬಿದ್ದಾಗ ಅಣ್ಣ ನಾಲ್ಕು ಜನರ ಎದುರಿಗೆ ಕೂಗಾಡಲಿಲ್ಲ. ಗಾದಿಯಿಂದ ಎದ್ದು ಬಾಗಿಲಿಗೆ ಬಂದು ಇಷ್ಟೇ ಅಂದರು.

"ನಾ ಇನ್ನೂ ಜೀವಂತ ಅದೇನಿ ತಮ್ಮಾ. ನೀ ನನ್ನ ತಗದ ಇಟ್ಟಿ."

ಮರುದಿನ ಸ್ಕೂಟರ್ ಮೊದಲಿನ ಜಾಗಕ್ಕೆ ಬಂತು. ಅದರ ಹಿಂದೆ ಬೀದಿಯ ಎಲ್ಲ ಗಾಡಿಗಳೂ ಬಂದವು. ಖಡುವಿನ ಚೌಕಗಳು ಟೈರುಗಳ ಕೆಳಗೆ ಅಳಿಸಿ ಹೋದವು.

ಅವರು ಸುಮ್ಮನೆ ಕೂಡುವ ಪೈಕಿ ಅಲ್ಲ. ಸಾವಕಾರರು ಒಳಗೆ ಇದ್ದಾರೆ ಎಂದು ತಿಳಿಸುವ ಬೋರ್ಡನ್ನು ಪ್ರತಿ ಅಂಗಡಿಗೂ ಹಾಕಬಹುದು ಎಂದು ಕರಡಿನಲ್ಲಿ ಒಂದು ಸಾಲು ಸೇರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಗಬಹುದು ಅಂದುಕೊಂಡೆ, ನಗಲಿಲ್ಲ. ಮಾದರಿಗೆಂದು ಒಂದು ಬೋರ್ಡ್ ಬರೆಸಿ ಅಣ್ಣನ ಅಂಗಡಿಗೆ ನನ್ನ ಕೈಯಲ್ಲಿ ಕಳಿಸಿದರು. ತಾವು ಬರಲಿಲ್ಲ. ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಾನು ಇದ್ದೇನೆ ಅಂತ ಬೋರ್ಡ್ ಹಾಕಿಕೊಂಡು ಕೂಡುವ ಕಾಲ ಬಂತೇ ಎಂದು ಕೇಳಿ, ನನಗೆ ಚಹಾ ಕೊಟ್ಟು, ಬೋರ್ಡನ್ನು ವಾಪಸು ಕಳಿಸಿದರು. ಅವತ್ತಿನಿಂದ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತು. ಹಬ್ಬಕ್ಕೆ ಅಣ್ಣನ ಅಂಗಡಿಯಿಂದ ಇವರ ಮನೆಗೆ ಸೀರೆ, ಪಂಚೆ ಬರುತ್ತಿದ್ದವು. ಮಾತು ಮಾತ್ರ ಬರಲಿಲ್ಲ.

ಆಮೇಲೆ ಬಂದ ಸಾಹೇಬರು ಒಳ್ಳೆಯವರು, ದಣಿದವರು. ಅಂಗಡಿಯವರ ಗಾಡಿಯ ಮಾತೊಂದನ್ನು ತೆಗೆದುಬಿಡಿ, ಉಳಿದದ್ದಕ್ಕೆ ನಾಳೆಯೇ ಸಹಿ ಹಾಕಿ ಕಳಿಸುತ್ತೇನೆ ಅಂದರು. ಹೊರಗೆ ಬಂದು ಚಹಾದಂಗಡಿಯಲ್ಲಿ ಕೂತಾಗ ನಾನೂ ಅದನ್ನೇ ಹೇಳಿದೆ. ತೆಗೆದುಬಿಡಿ ಸರ್, ನೀತಿಯೂ ಆಗುತ್ತದೆ, ನಿಮ್ಮ ಅಣ್ಣನೂ ಮಾತಾಡುತ್ತಾರೆ. ಅವರು ಕಟ್ಟೆಯ ಮೇಲೆ ಖಡುವಿನಿಂದ ಒಂದು ಚೌಕ ಎಳೆದರು.

"ಅದನ್ನ ತಗದ್ರ ಉಳಿಯೂದು ಬರೇ ಪಾರ್ಕಿಂಗ್ ರೊಕ್ಕದ ಪಾವತಿ ಹರಿಯೂದು. ಅದಕ್ಕ ನಾ ಯಾಕ ಬೇಕು?" ಅಂದರು. "ಇದು ಪಾಸಾದ್ರ ಅಣ್ಣ ಸಾಯೂತನಕ ನನ್ನ ಕೂಡ ಮಾತಾಡಂಗಿಲ್ಲ. ಆಗಲಿಲ್ಲಂದ್ರ ಅಂವನ ಮಾತು ಕಳಕೊಂಡದ್ದು ದಂಡ. ಯಾವುದು ಬೇಡಿಕೊಳ್ಳಲಿ ಹೇಳು ತಂಗಿ."

ನನಗೆ ಅವರ ಮೇಲೆ ಸಿಟ್ಟು ಬಂತು. ಚಹಾ ಆರಿತ್ತು, ಇಬ್ಬರೂ ಹಾಗೇ ಕುಡಿದೆವು.

ನಿವೃತ್ತಿಯ ದಿನ ಶಾಲು, ಹಾರ, ಫಳಹಾರ ಎಲ್ಲ ಆಯಿತು. ಭಾಷಣ ಮಾಡಿದವರೆಲ್ಲ ಅವರ ನಿಷ್ಠೆಯನ್ನು ಹೊಗಳಿದರು, ಪಾರ್ಕಿಂಗ್ ಎಂಬ ಶಬ್ದವನ್ನು ಯಾರೂ ಎತ್ತಲಿಲ್ಲ. ಅವರು ಬಾಗಿಲ ಕಡೆಯೇ ನೋಡುತ್ತಿದ್ದರು. ಅಣ್ಣನಿಗೆ ಆಮಂತ್ರಣ ಕೊಟ್ಟು ಬಂದವಳು ನಾನೇ. ಬರುತ್ತೇನೆ ಎಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಾಲನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಆವರಣದಲ್ಲಿ ಓರೆಯಾಗಿ ನಿಂತ ಯಾರದೋ ಬೈಕನ್ನು ನೆಟ್ಟಗೆ ಮಾಡಿ ಹೋದರು.

ನಿವೃತ್ತಿಯಾದ ಮೇಲೂ ಆಗಾಗ ಫೋನ್ ಮಾಡಿ ಕರಡು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಮೇಲೆ ಹೋಗಿದೆ ಅನ್ನುತ್ತಿದ್ದೆ. ಯಾವ ಮೇಲೆ ಎಂದು ಅವರು ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು.

ಸುದ್ದಿ ಬಂದಾಗ ನಾನು ಕಚೇರಿಯಲ್ಲಿದ್ದೆ. ಹಾರ ತರಲೆಂದು ಬಜಾರಿಗೆ ಹೋದೆ. ಹೂವಿನ ಅಂಗಡಿಗೆ ಹತ್ತಿರದ ದಾರಿ ಆ ಜವಳಿ ಬೀದಿಯೊಳಗಿಂದಲೇ. ತಿರುವಿನಲ್ಲಿ ಬಂದವಳು ಹಾಗೇ ನಿಂತುಬಿಟ್ಟೆ. ಬೀದಿ ಖಾಲಿ ಇತ್ತು. ತಿಳಿನೀಲಿ ಸ್ಕೂಟರ್ ಇರಲಿಲ್ಲ, ಎಡಕ್ಕೂ ಬಲಕ್ಕೂ ಯಾವ ಅಂಗಡಿಯ ಮುಂದೆಯೂ ಮಾಲೀಕರ ಗಾಡಿ ಇರಲಿಲ್ಲ. ಎಲ್ಲರೂ ಅಣ್ಣನ ಜೊತೆ ತಮ್ಮನ ಮಣ್ಣಿಗೆ ಹೋಗಿದ್ದರು. ಆಳುಗಳು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟು ಅಗಲ ಬೀದಿಯನ್ನು ನಾನು ಆ ಒಂದು ವಾರ ಬಿಟ್ಟರೆ ಮತ್ತೆ ನೋಡಿದ್ದೇ ಇಲ್ಲ. ಸಂತೆ ಚೀಲ ಹಿಡಿದ ಹಳ್ಳಿಯ ಹೆಂಗಸೊಬ್ಬಳು ನನ್ನ ಪಕ್ಕ ಬಂದು ನಿಂತಳು.

"ಯಾರೋ ದೊಡ್ಡವ್ರು ಹೋಗ್ಯಾರೇನ್ರಿ?"

"ಹೌದ್ರಿ," ಅಂದೆ. ಅಳು ಬಂದದ್ದು ಆಗ.

ಇದೆಲ್ಲ ಆಗಿ ಬಹಳ ತಿಂಗಳಾಯಿತು. ಕರಡು ಇನ್ನೂ ಮೇಲೆಯೇ ಇದೆ. ನಾನು ಈಗ ಒಂದು ಸ್ಕೂಟಿ ತೆಗೆದುಕೊಂಡಿದ್ದೇನೆ. ಮೊನ್ನೆ ಏನೋ ಕೆಲಸಕ್ಕೆ ಬಜಾರಿಗೆ ಹೋಗಿ, ಎಲ್ಲೂ ನಿಲ್ಲಿಸಲು ಜಾಗವಿಲ್ಲದೆ, ಎಲ್ಲರನ್ನೂ ಮನಸ್ಸಿನಲ್ಲಿ ಬೈದುಕೊಳ್ಳುತ್ತ ಜವಳಿ ಬೀದಿಗೆ ಹೊಕ್ಕೆ. ಎರಡೂ ಕಡೆ ಮೊದಲಿನ ಹಾಗೆಯೇ ಗಾಡಿಗಳು ತುಂಬಿದ್ದವು. ನಡುವೆ ಒಂದೇ ಒಂದು ಜಾಗ ಖಾಲಿ ಇತ್ತು. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ, ಟೋಪಿ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವರಣ್ಣ ಕೂತಿದ್ದರು. ಸ್ಕೂಟರ್ ಎಲ್ಲಿ ಎಂದು ನೋಡಿದೆ. ಹಿಂದಿನ ಗೋದಾಮಿನ ಬಯಲಿನಲ್ಲಿ ಒಂದೇ ನಿಂತಿರುತ್ತದೆ ಎಂದು ಆಮೇಲೆ ಅಂಗಡಿಯ ಆಳು ಹೇಳಿದ. ಬಯಲಿಗೆ ಒಯ್ದ ಮೊದಲ ದಿನವೇ ಪಕ್ಕದ ಅಂಗಡಿಯವರು ತಮ್ಮ ಇನ್ನೊಂದು ಬೈಕನ್ನು ತಂದು ಆ ಜಾಗದಲ್ಲಿ ಇಟ್ಟರಂತೆ. ಮರುದಿನದಿಂದ ಸಾವಕಾರರು ಗಾದಿ ಬಿಟ್ಟು ಇಲ್ಲಿ ಬಂದು ಕೂಡತೊಡಗಿದರಂತೆ.

ನನ್ನನ್ನು ನೋಡಿದೊಡನೆ ಎದ್ದರು. ಕುರ್ಚಿಯನ್ನು ಎತ್ತಿ ಮೆಟ್ಟಿಲ ಮೇಲೆ ಇಟ್ಟರು.

"ಇಲ್ಲೆ ಹಚ್ಚರಿ ಅಕ್ಕಾರ. ಇದು ಗಿರಾಕಿ ಜಾಗಾ."

ನಾನು ಗಿರಾಕಿ ಅಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಗಾಡಿ ನಿಲ್ಲಿಸಿ ಒಳಗೆ ಹೋಗಿ ಟಾವೆಲ್ ತೋರಿಸಲು ಹೇಳಿದೆ. ಸಾವಕಾರರು ಹೊರಗೆ ಎಲ್ಲರಿಗೂ ಕಾಣುವಂತೆ ಕೂತಿದ್ದರಿಂದ ಅಂಗಡಿಯಲ್ಲಿ ಗಿರಾಕಿಗಳು ಇದ್ದರು. ಹೊರಗೆ ಬಂದು ಅವರ ಪಕ್ಕ ಸ್ವಲ್ಪ ಹೊತ್ತು ನಿಂತೆ. ಈ ವಯಸ್ಸಿನಲ್ಲಿ ಹೀಗೆ ಬಿಸಿಲಿನಲ್ಲಿ ಎಷ್ಟು ದಿನ ಕೂಡುತ್ತೀರಿ ಎಂದು ಕೇಳಿದೆ.

"ಅಂವ ಎಷ್ಟು ವರ್ಷ ಕುಂತಾನ ಆ ಕರಡಿನ ಮುಂದ," ಅಂದರು. ಟೋಪಿ ಸರಿಮಾಡಿಕೊಂಡು, "ನಾ ಒಂದು ಮಾತು ಆಡಿದ್ರ ಆಗತಿತ್ತು. ನಾಳೆ ಆಡೋಣು, ನಾಳೆ ಆಡೋಣು ಅಂತ ಬಿಟ್ಟೆ."

ಅವರು ಕೈಗಡಿಯಾರ ನೋಡಿಕೊಂಡರು. ಬೀದಿಯ ಬಾಯಿಯಲ್ಲಿ, ಹಿಂದೆ ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡ ಒಬ್ಬ ಬೈಕು ನಿಧಾನ ಮಾಡಿ ಜಾಗ ಹುಡುಕುತ್ತಿದ್ದ.

"ಗಾಡಿ ತಗೀರಿ ಅಕ್ಕಾರ. ಅರ್ಧಾ ತಾಸು ಆತು. ಅಂವ ಹಂಗ ಬರದಾನ."

ನಾನು ಸ್ಕೂಟಿ ತೆಗೆದೆ. ಅವರು ಬೈಕಿನವನಿಗೆ ಕೈ ಮಾಡಿ ಕರೆದರು.